ಪಕ್ಕದ ಗೋಡೆಯ ನೂರ ಹತ್ತು ಅಡಿ

ಅಳತೆಯವನು ಬಂದದ್ದು ಒಂದು ಮಂಗಳವಾರ, ಬೆಳಗಿನ ಏಳು ಗಂಟೆಗೆ. ಕೋಲಿನ ತುದಿಗೆ ಸಣ್ಣದೊಂದು ಚಕ್ರ. ಅದನ್ನು ಕಾಲುದಾರಿಯ ಮೇಲೆ ಉರುಳಿಸುತ್ತಾ, ಒಂದೊಂದು ಅಂಗಡಿಯ ಮುಂದೂ ನಿಂತು ಏನೋ ಬರೆದುಕೊಳ್ಳುತ್ತಾ ಪಾಲ್ಮೆರಾ ಬೀದಿಯುದ್ದಕ್ಕೂ ನಡೆದು ಬಂದ. ಒತೀಲಿಯಾ ಬರಿಯೆಂತೋಸಳ ಗೌನಿನ ಅಂಗಡಿ ಇರುವುದು ಮೂಲೆಯಲ್ಲಿ. ಹುಡುಗಿಯರ ಹದಿನೈದನೆಯ ಹುಟ್ಟುಹಬ್ಬಕ್ಕೆ ಅವಳು ಹೊಲಿಯುವ ಗೌನುಗಳು ಆ ಸುತ್ತಿನಲ್ಲೆಲ್ಲ ಹೆಸರುವಾಸಿ. ಕಟ್ಟಡದ ಮುಂಭಾಗ ಬರೀ ಇಪ್ಪತ್ತೈದು ಅಡಿ. ಆದರೆ ಹಿಂದಕ್ಕೆ ಮಾತ್ರ ರೈಲು ಡಬ್ಬಿಯ ಹಾಗೆ ಉದ್ದ. ಅಡ್ಡಬೀದಿಯ ಕಡೆಗೆ ಬಾಗಿಲೂ ಇಲ್ಲದ ಕಿಟಕಿಯೂ ಇಲ್ಲದ ಒಂದು ಹಳದಿ ಗೋಡೆ. ಅಳತೆಯವನು ಮುಂಭಾಗ ಮುಗಿಸಿ, ಮೂಲೆ ತಿರುಗಿ, ಆ ಗೋಡೆಯ ಗುಂಟ ಚಕ್ರ ಬಿಟ್ಟ. ನಾಲ್ಕು ಹೆಜ್ಜೆಗೆ ತಮಾಲೆ ಎಂಬ ಮುಸುಕಿನ ಜೋಳದ ಕಡುಬು ಮಾರುವ ಇಲಾರಿಯಾಳ ಗಾಡಿ ಅಡ್ಡ ಸಿಕ್ಕಿತು.

"ಅಮ್ಮಾ, ಸ್ವಲ್ಪ ಆಚೆ ಸರಿಸ್ತೀರಾ?" ಎಂದ.

"ಯಾಕಪ್ಪಾ, ಗೋಡೆ ಬೆಳೀತಾ ಇದೆಯಾ ಅಂತ ನೋಡ್ಬೇಕಾ?" ಎಂದಳು ಇಲಾರಿಯಾ. ತಮಾಲೆಗೆ ಸಾಲು ನಿಂತಿದ್ದ ಬಸ್ ಚಾಲಕರು ಘೊಳ್ಳೆಂದು ನಕ್ಕರು. ಅವಳು ಹಬೆಯಾಡುತ್ತಿದ್ದ ಹಂಡೆಯ ಸಮೇತ ಗಾಡಿಯನ್ನು ಎರಡಡಿ ಈಚೆಗೆ ಎಳೆದುಕೊಂಡು, "ಹೋಗು, ಹೋಗು. ಪುಕ್ಕಟೆ ಅಳತೆ, ನಮ್ದೇನು ಹೋಗ್ಬೇಕು!" ಎಂದಳು. ಅವನು ಅವಳ ಬೆನ್ನ ಹಿಂದಿನಿಂದ ಚಕ್ರ ಉರುಳಿಸಿಕೊಂಡು ಹೋದ.

ಬಾಗಿಲಲ್ಲಿ ನಿಂತು ಅವಳ ಕೈಯ ಆತೋಲೆ ಗಂಜಿ ಕುಡಿಯುತ್ತಿದ್ದ ಒತೀಲಿಯಾಳೂ ನಕ್ಕಳು. ಪುಕ್ಕಟೆ ಅಳತೆ ಎಂಬುದು ಈ ಭೂಮಿಯ ಮೇಲೆ ಎಲ್ಲೂ ಇಲ್ಲ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಹತ್ತೊಂಬತ್ತು ವರ್ಷಗಳಿಂದ ಇಲಾರಿಯಾಳ ಗಾಡಿ ಆ ಗೋಡೆಗೇ ಆತುಕೊಂಡಿದೆ. ಗಡಿಯಾಚೆಯ ಒವಹಾಕಾದ ಗುಡ್ಡಗಳಿಂದ ಬಂದವಳು, ಗಂಡನನ್ನು ಇಲ್ಲಿಗೆ ಬಂದ ಮೂರನೇ ವರ್ಷವೇ ಕಳೆದುಕೊಂಡವಳು. ಬೆಳಗ್ಗೆ ಐದರಿಂದ ಹತ್ತರವರೆಗೆ ಮಾರುತ್ತಿದ್ದ ಆ ತಮಾಲೆಯಲ್ಲೇ ಮಗಳು ನಾಯೆಲಿಯನ್ನು ನರ್ಸಿಂಗ್ ಓದುವ ಮಟ್ಟಕ್ಕೆ ತಂದಿದ್ದಳು. ಒತೀಲಿಯಾ ಒಂದು ದಿನವೂ ನೆಲಬಾಡಿಗೆ ಕೇಳಿದವಳಲ್ಲ. ನಾಯೆಲಿಗೆ ಚರ್ಚಿನಲ್ಲಿ ನೀರು ಹಾಕಿ ಹೆಸರಿಟ್ಟಾಗ ಮಗುವನ್ನು ಎತ್ತಿಕೊಂಡು ನಿಂತವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆಗಳು. ಅದು ಒಡಹುಟ್ಟಿಗಿಂತ ಒಂದು ತೂಕ ಹೆಚ್ಚಿನ ನಂಟು, ಯಾಕೆಂದರೆ ಒಡಹುಟ್ಟನ್ನು ಯಾರೂ ಆರಿಸಿಕೊಳ್ಳುವುದಿಲ್ಲ.

ಮೂರು ವಾರದ ಮೇಲೆ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಪೇಟೆಯ ನಡುವಿನ 'ವ್ಯಾಪಾರ ಸುಧಾರಣಾ ವಲಯ' ಇನ್ನು ಪಾಲ್ಮೆರಾ ಬೀದಿಗೂ ಹಬ್ಬಲಿದೆಯಂತೆ. ಸುಧಾರಣೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಜೇಬು ಮುಟ್ಟಿ ನೋಡಿಕೊಳ್ಳಬೇಕು ಎಂಬುದು ಆ ಊರಲ್ಲಿ ನಾಲ್ಕು ದಿನ ಬದುಕಿದವರಿಗೆಲ್ಲ ಗೊತ್ತು. ಕಟ್ಟಡದ ಒಡೆಯರೆಲ್ಲ ಸೇರಿ ವರ್ಷಕ್ಕಿಷ್ಟು ಎಂದು ವಂತಿಗೆ ಕೊಡಬೇಕು. ಆ ದುಡ್ಡಿನಲ್ಲಿ ವಲಯದವರು ಕಸ ಗುಡಿಸುತ್ತಾರೆ, ದೀಪ ಹಾಕುತ್ತಾರೆ, ನೇರಳೆ ಅಂಗಿಯ ಕಾವಲುಗಾರರನ್ನು ತಿರುಗಾಡಲು ಬಿಡುತ್ತಾರೆ. ಆಗಬೇಕೋ ಬೇಡವೋ ಎಂದು ಒಡೆಯರೇ ಮತ ಹಾಕಬೇಕು. ಮತಪತ್ರವೂ ಲಕೋಟೆಯಲ್ಲೇ ಇತ್ತು. ಬಾಡಿಗೆಗೆ ಇರುವ ಕ್ಷೌರದವನಿಗೆ, ಹೂವಿನವಳಿಗೆ ಮತ ಇಲ್ಲ. ವಂತಿಗೆಯನ್ನು ಮಾತ್ರ ಒಡೆಯ ಬಾಡಿಗೆಯೊಳಗೆ ಸೇರಿಸಿ ಅವರ ಕೈಯಿಂದಲೇ ಕೀಳುತ್ತಾನೆ. ಗಾಡಿಯವಳನ್ನಂತೂ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪಕ್ಕದ ಬೀದಿಗೆ ವಲಯ ಬಂದು ಎರಡು ವರ್ಷವಾಗಿತ್ತು. ಅಲ್ಲಿ ಏನಾಯಿತೆಂದು ಎಲ್ಲರೂ ಕಣ್ಣಾರೆ ಕಂಡಿದ್ದರು. ಹಣ್ಣು ಕೊಯ್ದು ಮಾರುವವರನ್ನು ಯಾರೂ ಬಡಿದು ಓಡಿಸಲಿಲ್ಲ. ಅವರ ಕೈಯಲ್ಲಿ ನಗರಸಭೆಯ ಪರವಾನಗಿ ಇತ್ತು, ಓಡಿಸುವ ಹಾಗೂ ಇರಲಿಲ್ಲ. ವಲಯದವರು ಮಾಡಿದ್ದು ಇಷ್ಟೇ: 'ಖಾಲಿ ಗೋಡೆ'ಗಳ ಉದ್ದಕ್ಕೂ ಎಮ್ಮೆ ಮಲಗುವಷ್ಟು ದೊಡ್ಡ ಸಿಮೆಂಟಿನ ಗಿಡದ ತೊಟ್ಟಿಗಳನ್ನು ಇಳಿಸಿದರು. ಗಾಡಿ ನಿಂತ ಮೇಲೂ ನಡೆಯುವವರಿಗೆ ಆರಡಿ ಜಾಗ ಉಳಿಯಬೇಕು ಎಂಬುದು ಪರವಾನಗಿಯ ಷರತ್ತು. ತೊಟ್ಟಿ ಬಂದ ಮೇಲೆ ಮೂರಡಿಯೂ ಉಳಿಯಲಿಲ್ಲ. ಪರವಾನಗಿ ತಾನಾಗಿಯೇ ಸತ್ತುಹೋಯಿತು.

"ನಮ್ಮ ಗೋಡೆ ಅವರ ಪಟ್ಟಿಯಲ್ಲಿ ಇದೆಯೇನೇ, ಕೊಮಾದ್ರೆ?" ಎಂದು ಇಲಾರಿಯಾ ಕೇಳಿದಳು. 'ನಮ್ಮ ಗೋಡೆ' ಎಂದೇ ಅವಳು ಯಾವಾಗಲೂ ಹೇಳುವುದು.

"ಪಟ್ಟಿ ಆಮೇಲೆ ಮಾಡ್ತಾರಂತೆ. ಮೊದ್ಲು ವಲಯ ಆಗ್ಬೇಕಲ್ಲ! ಆಗೋಕೆ ನಾವು ಬಿಟ್ರೆ ತಾನೆ?" ಎಂದಳು ಒತೀಲಿಯಾ. "ನೀನು ಸುಮ್ನೆ ಹಿಟ್ಟು ಕಲಸ್ಕೊಂಡಿರು. ಇದು ನನ್ನ ತಲೆನೋವು."

ಹಾಗೆ ಹೇಳಿದ್ದು ಬಾಯಿಮಾತಿಗಲ್ಲ. ಮಾರನೆಯ ದಿನವೇ ಕಬ್ಬಿಣದ ಸಾಮಾನಿನ ಅಂಗಡಿಯ ದೋನ್ ಎಫ್ರಾಯಿನನನ್ನು ಜೊತೆಗೆ ಹಾಕಿಕೊಂಡು ಮನೆಮನೆ ಹತ್ತಿ ಇಳಿದಳು. ಎಫ್ರಾಯಿನ್ ಎಪ್ಪತ್ತರ ಮುದುಕ, ಕಾಲು ನೋವು, ಬಾಯಿ ಮಾತ್ರ ಇಪ್ಪತ್ತರದು. ಮತಪತ್ರವನ್ನು ಕಸದ ಬುಟ್ಟಿಗೆ ಎಸೆದಿದ್ದವರಿಂದ ಅದನ್ನು ಹೆಕ್ಕಿಸಿದರು. ಊರು ಬಿಟ್ಟು ಮಗನ ಮನೆಯಲ್ಲಿದ್ದ ಬೇಕರಿಯ ವಿಧವೆಗೆ ಫೋನು ಮಾಡಿ ಅಂಚೆಯಲ್ಲಿ ತರಿಸಿದರು. ಆರು ವಾರಕ್ಕೆ ನಲವತ್ತೊಂದು ಒಡೆಯರು 'ಬೇಡ' ಎಂದು ಗುರುತು ಹಾಕಿದ್ದರು. ಇಡೀ ಬೀದಿಯಲ್ಲಿದ್ದದ್ದೇ ಐವತ್ತೆಂಟು ಮತಪತ್ರ.

"ನಲವತ್ತೊಂದು!" ಎಂದ ಎಫ್ರಾಯಿನ್, ತೊಡೆ ತಟ್ಟಿ. "ಇನ್ನು ಆ ಚಿತ್ರಮಂದಿರದ ಕಂಪನಿಯವ್ರು ತಲೆಕೆಳಗಾಗಿ ನಿಂತ್ರೂ ಆಗಲ್ಲ. ಹತ್ತಾಳಿನ ಕಡ್ಡಿ ಒಬ್ಬಾಳಿನ ಹೊರೆ, ದೋನ್ಯಾ!"

ಹಳೆಯ ಚಿತ್ರಮಂದಿರ, ಅದರ ಹಿಂದಿನ ಮೂರು ಪಾರ್ಕಿಂಗ್ ಜಾಗ, ಎದುರಿನ ಬ್ಯಾಂಕ್ ಕಟ್ಟಡ, ಈ ಐದೂ ಒಂದೇ ಕಂಪನಿಯ ಕೈಯಲ್ಲಿದ್ದವು. ವಲಯ ಬೇಕೆಂದು ಕುಣಿಯುತ್ತಿದ್ದವರು ಅವರೇ. ಐದು ಪತ್ರ ಎಲ್ಲಿ, ನಲವತ್ತೊಂದು ಎಲ್ಲಿ? ಒತೀಲಿಯಾ ಈ ದೇಶದ ಪ್ರಜೆಯಾಗಲು ಪರೀಕ್ಷೆ ಬರೆದಿದ್ದಳು. ಪ್ರತಿಯೊಬ್ಬರ ಮತಕ್ಕೂ ಒಂದೇ ಬೆಲೆ ಎಂಬ ಉತ್ತರವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿದ್ದಳು. ಮತಪತ್ರದ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಎರಡು ಭಾಷೆಯಲ್ಲೂ ಏನೋ ಬರೆದಿತ್ತು. ಅದನ್ನು ಅವಳೂ ಓದಲಿಲ್ಲ, ಎಫ್ರಾಯಿನನೂ ಓದಲಿಲ್ಲ. ಓದಿದವರೂ ಇನ್ನೊಬ್ಬರಿಗೆ ಹೇಳಲಿಲ್ಲ.

ಅವಳ ಕಣ್ಣು ಕುಕ್ಕಿದ್ದು ಮತಪತ್ರದ ಮುಂಬದಿ. ನೂರ ಮೂವತ್ತೈದು ಅಡಿ, ಅಡಿಗೆ ಮೂವತ್ತರಂತೆ ವರ್ಷಕ್ಕೆ ನಾಲ್ಕು ಸಾವಿರದ ಐವತ್ತು ಡಾಲರ್. ಪಕ್ಕದಲ್ಲೇ ಇರುವ ಮದ್ಯದಂಗಡಿಗೆ, ಅವಳಿಗಿಂತ ಮೂರು ಪಟ್ಟು ವ್ಯಾಪಾರದವನಿಗೆ, ಬರೀ ಒಂಬೈನೂರು. ಅವನದು ಮೂಲೆಯಲ್ಲ, ಆದ್ದರಿಂದ ಮುಂಭಾಗ ಮಾತ್ರ ಎಣಿಕೆ. ಅವಳಿಗೆ ಆ ಬೋಳು ಗೋಡೆಯ ನೂರ ಹತ್ತು ಅಡಿಯೂ ಬಿದ್ದಿತ್ತು. ಒಂದೇ ಒಂದು ಬಾಗಿಲೂ ಇಲ್ಲದ ಗೋಡೆಗೆ ಯಾವ ಸುಧಾರಣೆ? ಗೋಡೆಗೇನು ಗಿರಾಕಿ ಬರುತ್ತಾರೆಯೇ?

"ಹೇಗೂ ವಲಯ ಬೀಳುತ್ತೆ. ಅದ್ಯಾಕೆ ತಲೆ ಕೆಡಿಸ್ಕೋತೀರ?" ಎಂದ ಎಫ್ರಾಯಿನ್.

"ಬಿದ್ರೆ ಬಿತ್ತು. ಬೀಳ್ದೇ ಹೋದ್ರೆ? ಸಾಯೋತನಕ ಈ ಗೋಡೆಗೆ ನಾನು ಕಪ್ಪ ಕಟ್ತಾ ಕೂತ್ಕೊಳ್ಲಾ? ಅನ್ಯಾಯ ಅಂದ್ರೆ ಅನ್ಯಾಯ, ದೋನ್ ಎಫ್ರಾಯಿನ್. ಕಂಡ ಮೇಲೆ ಸುಮ್ನಿರೋಕೆ ನನ್ನ ಕೈಲಾಗಲ್ಲ."

ಮಾತು ನಿಜವೇ. ಅವಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಆ ಒಂದು ಗುಣದಿಂದಲೇ ಅವಳು ಬಾಡಿಗೆಯ ಹೊಲಿಗೆ ಯಂತ್ರದಿಂದ ಸ್ವಂತ ಕಟ್ಟಡದವರೆಗೆ ಬಂದದ್ದು. ಆ ಗುಣವೇ ಅವಳ ಕುತ್ತಿಗೆಗೂ ಬಂತು.

ವಲಯದ ಕಚೇರಿಯಲ್ಲಿ ಬ್ರೆಂಡಾ ಹ್ಯಾಲೊರನ್ ಎಂಬುವಳು ವ್ಯವಸ್ಥಾಪಕಿ. ನಲವತ್ತರ ಹೆಂಗಸು, ಸ್ಪ್ಯಾನಿಷನ್ನು ನೀರು ಕುಡಿದ ಹಾಗೆ ಮಾತಾಡುತ್ತಾಳೆ, ಬಂದವರಿಗೆ ತಾನೇ ಎದ್ದು ಕಾಫಿ ಕೊಡುತ್ತಾಳೆ. ಒತೀಲಿಯಾ ಜಗಳಕ್ಕೆಂದೇ ಸೆರಗು ಬಿಗಿದುಕೊಂಡು ಹೋದವಳಂತೆ ಹೋಗಿದ್ದಳು. ಜಗಳವೇ ಆಗಲಿಲ್ಲ.

"ನೀವು ಹೇಳೋದು ಸರಿ, ಸೆನ್ಯೋರಾ," ಎಂದಳು ಬ್ರೆಂಡಾ. "ನಿಯಮದಲ್ಲೇ ಇದೆ. ವ್ಯಾಪಾರ ಇಲ್ಲದ ಬದಿಗೆ ವಂತಿಗೆ ಇಲ್ಲ. ಅಳತೆಯವ್ರು ಅಲ್ಲಿ ಗಾಡಿ ನೋಡಿ ವ್ಯಾಪಾರದ ಬದಿ ಅಂತ ಬರ್ಕೊಂಡಿದ್ದಾರೆ. ಅಲ್ಲಿ ವ್ಯಾಪಾರ ಇಲ್ಲ ಅಂತ ನೀವು ಬರ್ದು ಕೊಟ್ರೆ ತೆಗೆದುಹಾಕ್ತಾರೆ."

"ಗಾಡಿ ನಂದಲ್ಲ."

"ನಿಮ್ದೋ ಇನ್ನೊಬ್ರದ್ದೋ, ಅವರು ನೋಡೋದು ಅದನ್ನಲ್ಲ. ಆ ಬದೀಲಿ ವ್ಯಾಪಾರ ಇದೆಯಾ, ಇಲ್ವಾ? ಇದೆ ಅಂದ್ರೆ ಪೂರ್ತಿ ನೂರ ಹತ್ತು ಅಡಿ. ಇಲ್ಲ ಅಂದ್ರೆ ಸೊನ್ನೆ. ನಿಮ್ಮಿಷ್ಟ."

ಕಾಗದವನ್ನು ಬ್ರೆಂಡಾಳೇ ಟೈಪು ಮಾಡಿ ತೆಗೆದಳು. ಪಕ್ಕಪಕ್ಕದಲ್ಲಿ ಎರಡು ಭಾಷೆ. 'ಈ ಕಟ್ಟಡದ ಅಡ್ಡಬೀದಿಯ ಬದಿಯಲ್ಲಿ ಯಾವ ವ್ಯಾಪಾರವೂ ನಡೆಯುವುದಿಲ್ಲ. ಹಿಂದೆಯೂ ನಡೆದಿಲ್ಲ. ಇದು ಸತ್ಯವೆಂದು ಒಡತಿಯಾದ ನಾನು ದೃಢೀಕರಿಸುತ್ತೇನೆ.'

ಒತೀಲಿಯಾ ಅದನ್ನು ಎರಡು ಸಲ ಓದಿದಳು. ಲೇಖನಿ ಕೈಯಲ್ಲೇ ಇತ್ತು. ಆ ಬೆಳಗ್ಗೆಯೂ ಇಲಾರಿಯಾ ಕೊಟ್ಟ ತಮಾಲೆ ತಿಂದೇ ಬಂದಿದ್ದಳು, ಹಸಿ ಮೆಣಸಿನಕಾಯಿಯ ಖಾರ ಇನ್ನೂ ನಾಲಿಗೆಯ ಮೇಲಿತ್ತು. 'ಹಿಂದೆಯೂ ನಡೆದಿಲ್ಲ' ಎಂಬುದನ್ನು ತೆಗೆಯಲು ಹೇಳಲೇ ಎಂದುಕೊಂಡಳು. ಹೇಳಿದರೆ ಈ ಹೆಂಗಸು ನೂರೆಂಟು ಕೇಳುತ್ತಾಳೆ. ಒಂದು ಕಾಗದ, ಯಾವುದೋ ಕಪಾಟಿನಲ್ಲಿ ಹೋಗಿ ಬೀಳುತ್ತದೆ, ಯಾರು ಓದುತ್ತಾರೆ? ಇಲಾರಿಯಾಳ ಪರವಾನಗಿ ಇಲಾರಿಯಾಳ ಹತ್ತಿರವೇ ಇದೆ, ಅದಕ್ಕೂ ಇದಕ್ಕೂ ಏನು? ವಲಯವೇ ಬೀಳುವಾಗ ಕಾಗದಕ್ಕೆ ಏನು ಬೆಲೆ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಸಹಿ ಹಾಕಿದಳು. ಮನುಷ್ಯ ತನ್ನ ಮನಸ್ಸಿಗೆ ಹೇಳಿಕೊಳ್ಳುವಷ್ಟು ಚೆನ್ನಾದ ಸುಳ್ಳನ್ನು ಬೇರೆ ಯಾರಿಗೂ ಹೇಳಲಾರ.

ಹತ್ತು ದಿನಕ್ಕೆ ಹೊಸ ಮತಪತ್ರ ಬಂತು. ಇಪ್ಪತ್ತೈದು ಅಡಿ, ಏಳುನೂರ ಐವತ್ತು ಡಾಲರ್. ಹಳೆಯದು ರದ್ದು. ಒತೀಲಿಯಾ ಅದನ್ನು ಬೀದಿಯಲ್ಲೆಲ್ಲ ತೋರಿಸಿಕೊಂಡು ಬಂದಳು. ಒಬ್ಬೊಬ್ಬರೂ ಬೆನ್ನು ತಟ್ಟಿದರು. "ಮೂರು ಸಾವಿರದ ಮುನ್ನೂರು ಇಳಿಸಿದ್ರಾ! ನಿಮ್ಮ ಬಾಯಿಗೆ ದೇವ್ರೇ ಹೆದರ್ತಾನೆ ಬಿಡಿ," ಎಂದ ಎಫ್ರಾಯಿನ್.

"ಹೇಗೆ ಇಳಿಸಿದೆಯೇ, ಕೊಮಾದ್ರೆ?" ಎಂದು ಇಲಾರಿಯಾ ಕೇಳಿದಳು.

"ಬಾಗಿಲಿಲ್ಲ ಅಂದೆ. ಒಪ್ಕೊಂಡ್ರು."

"ಅಷ್ಟೇನಾ?"

"ಅಷ್ಟೇ ಕಣೇ. ಇನ್ನೇನಿರುತ್ತೆ?"

ಇಲಾರಿಯಾ ಖುಷಿಯಿಂದ ಎರಡು ಸಿಹಿ ತಮಾಲೆ ಹೆಚ್ಚಿಗೆ ಸುತ್ತಿ ಕೊಟ್ಟಳು. ಒಣದ್ರಾಕ್ಷಿ ಹಾಕಿದ್ದು, ಒತೀಲಿಯಾಳಿಗೆ ಪ್ರಾಣ. ಅವಳು ಅದನ್ನು ಮನೆಗೆ ಒಯ್ದಳು, ಯಾಕೋ ತಿನ್ನಲಾಗಲಿಲ್ಲ, ಮರುದಿನ ಎಸೆದಳು.

ಸಭೆ ಆಗಸ್ಟ್ ತಿಂಗಳ ಒಂದು ಬುಧವಾರ ಹತ್ತು ಗಂಟೆಗೆ, ನಗರಸಭೆಯ ದೊಡ್ಡ ಹಾಲಿನಲ್ಲಿ. ಒತೀಲಿಯಾ ತನ್ನ ಕಾರಿನಲ್ಲೇ ಇಲಾರಿಯಾಳನ್ನೂ ಎಫ್ರಾಯಿನನನ್ನೂ ಕೂರಿಸಿಕೊಂಡು ಹೋದಳು. ಇಲಾರಿಯಾ ಇಸ್ತ್ರಿ ಮಾಡಿದ ಬಿಳಿ ಕುಪ್ಪಸ ಹಾಕಿ, ಪರವಾನಗಿಯನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ತಂದಿದ್ದಳು. ಬಾಗಿಲಲ್ಲಿ ಇಂಗ್ಲಿಷ್ ಬಾರದವರಿಗೆ ಹೆಡ್‌ಫೋನ್ ಕೊಟ್ಟರು. ಮೂಲೆಯಲ್ಲಿ ಕೂತ ದುಭಾಷಿ ಹೇಳಿದ್ದೆಲ್ಲ ಅದರಲ್ಲಿ ಸ್ಪ್ಯಾನಿಷಿನಲ್ಲಿ ಕೇಳುತ್ತಿತ್ತು. ಮತ ಎಣಿಸುವ ಮೊದಲು ಯಾರು ಬೇಕಾದರೂ ಒಂದು ನಿಮಿಷ ಮಾತಾಡಬಹುದಿತ್ತು.

ಇಲಾರಿಯಾ ಮಾತಾಡುತ್ತಾಳೆಂದು ಒತೀಲಿಯಾಳಿಗೆ ಗೊತ್ತಿರಲಿಲ್ಲ. ಹೆಸರು ಕೂಗಿದಾಗ ಅವಳು ಎದ್ದು ಹೋದಳು, ಮೈಕು ಅವಳ ಹಣೆಯ ಮಟ್ಟಕ್ಕಿತ್ತು, ಯಾರೋ ಬಂದು ತಗ್ಗಿಸಿದರು.

"ನಾನು ಇಲಾರಿಯಾ ಸಂತ್ಯಾಗೋ. ತಮಾಲೆ ಮಾರ್ತೀನಿ. ನನಗೆ ಮತ ಇಲ್ಲ, ಗೊತ್ತು. ಒಂದೇ ಮಾತು. ಪಾಲ್ಮೆರಾ ಮೂಲೆ ಗೋಡೆ ಹತ್ರ ಹತ್ತೊಂಬತ್ತು ವರ್ಷದಿಂದ ನಿಂತಿದ್ದೀನಿ. ಕಾಗದ ಇದೆ. ಕಟ್ಟಡದವ್ರೂ ಒಪ್ಪಿದ್ದಾರೆ, ಇಲ್ಲೇ ಕೂತಿದ್ದಾರೆ, ಬೇಕಾದ್ರೆ ಕೇಳಿ. ನಿಮ್ಮ ವಲಯ ಆದ್ರೂ ಆಗ್ಲಿ, ಆ ಗೋಡೆ ಒಂದಕ್ಕೆ ಗಿಡದ ತೊಟ್ಟಿ ಇಡ್ಬೇಡಿ. ಅಷ್ಟೇ."

ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಕೂತ ನಗರಸಭೆ ಸದಸ್ಯರಲ್ಲಿ ಒಬ್ಬ, ಒಳ್ಳೆಯ ಮನುಷ್ಯನೇ ಇರಬೇಕು, ಕನ್ನಡಕ ಸರಿಪಡಿಸಿಕೊಂಡು ಸಿಬ್ಬಂದಿಯ ಕಡೆ ತಿರುಗಿ, ಆ ಗೋಡೆಯ ವಿಷಯ ದಾಖಲೆಯಲ್ಲಿ ಏನಿದೆ ಎಂದು ಕೇಳಿದ. ಬ್ರೆಂಡಾ ಎದ್ದು ನಿಂತಳು. ಪರದೆಯ ಮೇಲೆ ಕಾಗದ ಮೂಡಿತು. ಅವಳು ಅದನ್ನು ಏರುಪೇರಿಲ್ಲದ ದನಿಯಲ್ಲಿ ಓದಿದಳು. ಮೂಲೆಯ ದುಭಾಷಿಯೂ ಅಷ್ಟೇ ತಣ್ಣಗಿನ ದನಿಯಲ್ಲಿ ಎಲ್ಲರ ಕಿವಿಗೆ ಸ್ಪ್ಯಾನಿಷಿನಲ್ಲಿ ಸುರಿದ: ಅಡ್ಡಬೀದಿಯ ಬದಿಯಲ್ಲಿ ಯಾವ ವ್ಯಾಪಾರವೂ ನಡೆಯುವುದಿಲ್ಲ. ಹಿಂದೆಯೂ ನಡೆದಿಲ್ಲ. ಕೆಳಗೆ ಒತೀಲಿಯಾಳ ಸಹಿ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು.

"ಹಾಗಾದ್ರೆ ಅದು ಖಾಲಿ ಗೋಡೆ," ಎಂದ ಆ ಸದಸ್ಯ, ಬೇಸರದಿಂದಲೇ. "ಒಡೆಯರೇ ಹೇಳಿದ ಮೇಲೆ ನಾವೇನು ಹೇಳೋದು? ಮುಂದಿನವರು ಬನ್ನಿ."

ಇಲಾರಿಯಾ ಹಿಂತಿರುಗಿ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲೇ ಇದ್ದ ಒತೀಲಿಯಾ, "ಕೊಮಾದ್ರೆ, ಅದು ಬರೀ ವಂತಿಗೆಗೋಸ್ಕರ..." ಎಂದು ಪಿಸುಗುಟ್ಟಿದಳು. ಇಲಾರಿಯಾ ಮುಂದೆ ನೋಡಿಕೊಂಡೇ ಇದ್ದಳು. ಒತೀಲಿಯಾಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೂ ಒಳಗೊಂದು ಧೈರ್ಯ ಉಳಿದಿತ್ತು: ನಲವತ್ತೊಂದು ಮತ ಇದೆ. ವಲಯವೇ ಬಿದ್ದರೆ ತೊಟ್ಟಿಯೂ ಇಲ್ಲ, ಕಾಗದವೂ ಇಲ್ಲ. ಆಮೇಲೆ ಕಾಲು ಹಿಡಿದಾದರೂ ಸರಿಮಾಡಿಕೊಳ್ಳಬಹುದು.

ಮಾತಿನ ಅವಧಿ ಮುಗಿಯಿತೆಂದು ಸುತ್ತಿಗೆ ಬಡಿದರು. ಗುಮಾಸ್ತೆಯೊಬ್ಬಳು ಲಕೋಟೆಗಳನ್ನು ಒಂದೊಂದಾಗಿ ಕತ್ತರಿಸಿ ಓದತೊಡಗಿದಳು.

"ಎರಡು ಸಾವಿರದ ನೂರು. ವಿರೋಧ."

"ಮೂರು ಸಾವಿರದ ನಾನ್ನೂರು. ವಿರೋಧ."

"ಒಂಬೈನೂರು. ವಿರೋಧ."

ಎಫ್ರಾಯಿನ್ ಹಳೆಯ ರಸೀದಿಯ ಹಿಂದೆ ಒಂದೊಂದು ವಿರೋಧಕ್ಕೂ ಒಂದೊಂದು ಗೀಟು ಎಳೆಯುತ್ತಿದ್ದ. ಹದಿನೆಂಟು ಗೀಟಾದ ಮೇಲೆ ಗುಮಾಸ್ತೆ, "ಮೂವತ್ತೊಂದು ಸಾವಿರದ ನಾನ್ನೂರು. ಪರ," ಎಂದಳು. ಚಿತ್ರಮಂದಿರದ್ದು. ಪರದೆಯ ಮೇಲೆ 'ಪರ' ಎಂಬುದರ ಮುಂದೆ ಒಂದು ಎಂದು ಬರಲಿಲ್ಲ, ಮೂವತ್ತೊಂದು ಸಾವಿರದ ನಾನ್ನೂರು ಎಂದೇ ಬಂತು.

"ಇದೇನ್ರೀ ಇದು? ದುಡ್ಡು ಯಾಕೆ ಕೂಡಿಸ್ತಿದ್ದಾರೆ?" ಎಂದ ಎಫ್ರಾಯಿನ್ ಗಟ್ಟಿಯಾಗಿ. ಮುಂದಿನ ಸಾಲಿನಲ್ಲಿದ್ದ ಆ ಕಂಪನಿಯ ವಕೀಲ ಹಿಂತಿರುಗಿ, ಮಕ್ಕಳಿಗೆ ಹೇಳುವಂತೆ ಹೇಳಿದ: ಪತ್ರ ಎಷ್ಟು ಎಂಬುದು ಎಣಿಕೆಯಲ್ಲ. ಯಾರು ಎಷ್ಟು ವಂತಿಗೆ ಕೊಡುತ್ತಾರೋ ಅವರ ಮತಕ್ಕೆ ಅಷ್ಟು ತೂಕ. ಡಾಲರಿಗೊಂದು ಮತ. ಪತ್ರದ ಹಿಂದೆಯೇ ಬರೆದಿದೆಯಲ್ಲ?

"ದುಡ್ಡೇ ದೊಡ್ಡಪ್ಪ ಅಂತ ನೇರವಾಗಿ ಬರೀಬಾರ್ದಿತ್ತಾ," ಎಂದು ಮುದುಕ ಗೊಣಗಿದ. ಗೀಟು ಎಳೆಯುವುದನ್ನು ಬಿಟ್ಟು ಅಂಕಿಗಳನ್ನು ಬರೆಯತೊಡಗಿದ.

ಒತೀಲಿಯಾ ಪರದೆಯ ಮೇಲಿಂದ ಕಣ್ಣು ಕೀಳಲಿಲ್ಲ. ವಿರೋಧದ ಅಂಕಿ ಇರುವೆಯಂತೆ ಏರುತ್ತಿತ್ತು, ಪರದ್ದು ಮೆಟ್ಟಿಲು ಹಾರುತ್ತಿತ್ತು. ಕಂಪನಿಯ ಐದು ಪತ್ರಕ್ಕೇ ಎಪ್ಪತ್ತೆಂಟು ಸಾವಿರ. ನಗರಸಭೆಗೂ ಆ ಬೀದಿಯಲ್ಲೊಂದು ವಾಹನ ನಿಲ್ಲಿಸುವ ಕಟ್ಟಡವಿತ್ತು. ಅದೂ ಒಡೆಯನೇ ತಾನೆ? ಹತ್ತೊಂಬತ್ತು ಸಾವಿರ, ಪರ. ತೀರ್ಪು ಕೊಡುವವನೇ ಕಕ್ಷಿದಾರನೂ ಆಗಿ ಬಂದು ಕೂತಿದ್ದ. ಆದರೂ ಸಣ್ಣವರು ನಲವತ್ತೊಂದು ಮಂದಿ ಇದ್ದರು. ಅಂಕಿಗಳು ಒಂದರ ಹಿಂದೊಂದು ಓಡುತ್ತಿದ್ದವು. ನಡುವೆ ಎಲ್ಲೋ ಗುಮಾಸ್ತೆ, "ಏಳುನೂರ ಐವತ್ತು. ವಿರೋಧ," ಎಂದಳು. ಇಡೀ ಹಾಲಿನಲ್ಲಿ ಅಷ್ಟು ಸಣ್ಣ ಮತ ಇನ್ನೊಂದಿರಲಿಲ್ಲ.

ಕೊನೆಯ ಲಕೋಟೆ ಮುಗಿಯಿತು. ಪರ, ಒಂದು ಲಕ್ಷದ ಹದಿನೆಂಟು ಸಾವಿರದ ಒಂಬೈನೂರ ನಲವತ್ತು. ವಿರೋಧ, ಒಂದು ಲಕ್ಷದ ಹದಿನಾರು ಸಾವಿರದ ಮುನ್ನೂರ ಹತ್ತು. ಪತ್ರಗಳಲ್ಲಿ ನಲವತ್ತೊಂದಕ್ಕೆ ಹದಿನಾಲ್ಕು. ವಲಯ ಗೆದ್ದಿತು.

ಎಫ್ರಾಯಿನ್ ರಸೀದಿಯ ಮೇಲೆ ಬಗ್ಗಿ ಒಂದು ಕಳೆಯುವ ಲೆಕ್ಕ ಮಾಡಿದ. ಮತ್ತೊಮ್ಮೆ ಮಾಡಿದ. ಆಮೇಲೆ ಮೆಲ್ಲಗೆ, "ಎರಡು ಸಾವಿರದ ಆರ್ನೂರ ಮೂವತ್ತರಲ್ಲಿ ಸೋತ್ವಿ, ದೋನ್ಯಾ," ಎಂದ. "ನಿಮ್ದು ಇಳಿದಿದ್ದು ಎಷ್ಟು ಅಂದ್ರಿ? ಮೂರು ಸಾವಿರದ ಮುನ್ನೂರಲ್ವಾ?"

ಒತೀಲಿಯಾ ಎದ್ದಳು. ಕುರ್ಚಿಗಳನ್ನು ತಳ್ಳಿಕೊಂಡು ಗುಮಾಸ್ತೆಯ ಮೇಜಿನ ಹತ್ತಿರ ಓಡಿದಳು.

"ಅಮ್ಮಾ, ನಂದೊಂದು ತಪ್ಪಾಗಿದೆ! ನನ್ನ ಹಳೇ ವಂತಿಗೆನೇ ಹಾಕಿ. ನಾಲ್ಕು ಸಾವಿರದ ಐವತ್ತು. ಕಟ್ತೀನಿ! ಇವತ್ತೇ ಕಟ್ತೀನಿ!"

ಗುಮಾಸ್ತೆ ಅರ್ಥವಾಗದೆ ಬ್ರೆಂಡಾಳ ಕಡೆ ನೋಡಿದಳು. ಬ್ರೆಂಡಾ ಬಂದು ಒತೀಲಿಯಾಳ ಮೊಣಕೈ ಹಿಡಿದಳು.

"ಸೆನ್ಯೋರಾ, ಅವಧಿ ಮುಗಿದಿದೆ."

"ಆ ಕಾಗದ ಸುಳ್ಳು! ನಾನು ಸುಳ್ಳು ಬರ್ದೆ! ಅಲ್ಲಿ ವ್ಯಾಪಾರ ಇದೆ, ಹತ್ತೊಂಬತ್ತು ವರ್ಷದಿಂದ ಇದೆ! ದಿನಾ ನಾನೇ ತಿಂತೀನಿ!"

"ಸುತ್ತಿಗೆ ಬಡಿಯೋ ಮುಂಚೆ ಹೇಳಿದ್ರೆ ಏನಾದ್ರೂ ಮಾಡ್ಬಹುದಿತ್ತು."

"ವಂತಿಗೆ ಇಳಿದ್ರೆ ಮತಾನೂ ಇಳಿಯುತ್ತೆ ಅಂತ ನಿಂಗೆ ಗೊತ್ತಿತ್ತು. ಅವತ್ತು ಕಾಫಿ ಕೊಟ್ಟೆ. ಅದನ್ನ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ನ್ಯಾಯವಾದ ವಂತಿಗೆ. ಅದನ್ನ ಮಾಡಿಕೊಟ್ಟೆ," ಎಂದಳು ಬ್ರೆಂಡಾ. ಅವಳ ಮುಖದಲ್ಲಿ ಗೆದ್ದ ಕಳೆಯೂ ಇರಲಿಲ್ಲ, ಮರುಕವೂ ಇರಲಿಲ್ಲ. "ಮತದ ವಿಷಯ ನೀವು ಕೇಳ್ಲೇ ಇಲ್ಲ."

ಸುಳ್ಳಿನಿಂದ ಮಾಡಿದ್ದು ದಕ್ಕಿತು, ಸತ್ಯ ಹೇಳಿದಾಗ ಹೊತ್ತು ಮೀರಿತ್ತು. ಸಾವಿರ ಜನರಿಗೆ ಹೀಗಾಗಿದೆ, ಆದರೂ ಪ್ರತಿಯೊಬ್ಬರಿಗೂ ಅದು ಮೊದಲ ಸಲವೇ ಆದ ಹಾಗೆ ಉರಿಯುತ್ತದೆ. ಒತೀಲಿಯಾ ತಿರುಗಿ ನೋಡಿದಾಗ ಇಲಾರಿಯಾಳ ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ಹೆಡ್‌ಫೋನ್ ಇತ್ತು.

ಹೊರಗೆ ಬಿಸಿಲು ಸುಡುತ್ತಿತ್ತು. ಇಲಾರಿಯಾ ಬಸ್ ನಿಲ್ದಾಣದ ಬೆಂಚಿನ ಮೇಲೆ, ಪ್ಲಾಸ್ಟಿಕ್ ಹಾಳೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಒತೀಲಿಯಾ ಏದುಸಿರು ಬಿಡುತ್ತಾ ಎದುರಿಗೆ ಬಂದು ನಿಂತಳು.

"ಬಾ, ಕಾರು ಅಲ್ಲಿದೆ. ಬಾರೇ. ಮಾತಾಡೋಣ. ನಾನು ಬೇಕೂಂತ ಮಾಡ್ಲಿಲ್ಲ ಕಣೇ, ನಾಯೆಲಿ ಆಣೆ."

"ಅವಳ ಆಣೆ ಇಡ್ಬೇಡಿ," ಎಂದಳು ಇಲಾರಿಯಾ. "ಎಷ್ಟು ಉಳೀತು, ದೋನ್ಯಾ ಒತೀಲಿಯಾ, ನಿಮಗೆ?"

ಹತ್ತೊಂಬತ್ತು ವರ್ಷಗಳಲ್ಲಿ ಅವಳು ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಬೀದಿಯವರು ಮರ್ಯಾದೆಗೆ ಕರೆಯುವ ಹೆಸರು ಅದು.

"ಕೊಮಾದ್ರೆ..."

"ಎಷ್ಟು ಅಂತ ಕೇಳ್ದೆ."

"ಮೂರು ಸಾವಿರದ ಮುನ್ನೂರು. ವರ್ಷಕ್ಕೆ."

ಇಲಾರಿಯಾ ತಲೆಯಾಡಿಸಿದಳು. ದಿನಾ ಚಿಲ್ಲರೆ ಎಣಿಸುವವಳು, ಲೆಕ್ಕಕ್ಕೆ ಕಾಗದ ಬೇಕಿರಲಿಲ್ಲ. "ದಿನಕ್ಕೆ ಒಂಬತ್ತು ಡಾಲರ್," ಎಂದಳು. "ನಾಲ್ಕು ತಮಾಲೆ. ನನ್ನನ್ನ ಕೇಳಿದ್ರೆ ನಾನೇ ಕೊಡ್ತಿದ್ನಲ್ಲ. ಬಾಡಿಗೆ ಅಂತ ಕೇಳ್ಬಹುದಿತ್ತು. ಇಷ್ಟು ವರ್ಷದ್ದೂ ಸೇರಿಸಿ ಕೇಳಿದ್ರೂ ಸಾಲ ಮಾಡಿ ಕೊಡ್ತಿದ್ದೆ."

ಕೇಳಬಹುದಿತ್ತು ಎಂಬುದು ಒತೀಲಿಯಾಳಿಗೆ ಒಂದು ಕ್ಷಣವೂ ಹೊಳೆದಿರಲಿಲ್ಲ. ತಾನು ಕೊಡುವವಳು, ಇಲಾರಿಯಾ ಪಡೆಯುವವಳು ಎಂಬ ಲೆಕ್ಕ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿತ್ತು. ಅವಳು ಅಲ್ಲೇ ಬೀದಿಯಲ್ಲಿ, ಜನ ನೋಡುತ್ತಿರುವಂತೆಯೇ, ಅಳತೊಡಗಿದಳು. ಇಲಾರಿಯಾ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬಸ್ ಬಂತು. ಚಾಲಕ ಅವಳ ಗಿರಾಕಿಯೇ, "ಏನಮ್ಮಾ, ಇವತ್ತು ಅಂಗಡಿ ರಜಾನಾ?" ಎಂದು ನಗುತ್ತಾ ಬಾಗಿಲು ತೆರೆದ. ಅವಳು ಹತ್ತಿ ಹೋದಳು.

ಗಿಡದ ತೊಟ್ಟಿಗಳು ಬರುವುದು ಜನವರಿಗೆ ಎಂದು ಪ್ರಕಟಣೆಯಲ್ಲಿತ್ತು. ಅಲ್ಲಿಯವರೆಗೆ ಪರವಾನಗಿ ಊರ್ಜಿತವಾಗಿಯೇ ಇತ್ತು, ಇನ್ನೂ ನಾಲ್ಕು ತಿಂಗಳು ಯಾರೂ ಅವಳನ್ನು ಮುಟ್ಟುವ ಹಾಗಿರಲಿಲ್ಲ. ಮರುದಿನ ಬೆಳಗ್ಗೆ ಐದಕ್ಕೇ ಒತೀಲಿಯಾ ಅಂಗಡಿಯ ಬಾಗಿಲು ತೆರೆದು ಮೂಲೆಗೆ ಹೋಗಿ ನಿಂತಳು. ಆರು ಗಂಟೆಗೆ ಬಸ್ ಚಾಲಕರು ಒಬ್ಬೊಬ್ಬರಾಗಿ ಬಂದು, ಅತ್ತಿತ್ತ ನೋಡಿ, ಅವಳನ್ನೇ ವಿಚಾರಿಸಿದರು. ಅವಳು 'ಬರ್ತಾಳೆ' ಎಂದಳು. ಶುಕ್ರವಾರವೂ ಹಾಗೇ ಹೇಳಿದಳು, ಶನಿವಾರವೂ ಹೇಳಿದಳು. ಸೋಮವಾರ ಕೇಳಲು ಯಾರೂ ಬರಲಿಲ್ಲ.